ಸುವಾರ್ತೆ ತಂದವರ ಮಾತನ್ನೂ ಕೇಳೋಣ

ಮಾನ್ಯರೆ,

ಹೆಣ್ಣು ಜೀವದಾತೆ ಎಂದಾಗ ನಾವು ಹೆರಿಗೆಯನ್ನಷ್ಟೇ ನೆನೆಯುತ್ತೇವೆ. ಬೈಬಲ್ ಅದಕ್ಕಿಂತ ಮುಂದೆ ಹೋಗುತ್ತದೆ. ಇಬ್ರಿಯರಿಗೆ, ಅಂದರೆ ಇಸ್ರಾಯೇಲ್ಯರಿಗೆ, ಹುಟ್ಟುವ ಗಂಡುಮಕ್ಕಳನ್ನೆಲ್ಲ ಕೊಲ್ಲಬೇಕೆಂಬ ಫರೋಹನ (ಇದು ಈಜಿಪ್ಟಿನ ಅರಸರ ಬಿರುದು, ಹೆಸರಲ್ಲ) ಅಪ್ಪಣೆಯನ್ನು ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ಪಾಲಿಸಲಿಲ್ಲ. ಆ ಅರಸನ ಹೆಸರನ್ನೇ ಹೇಳದ, ಬೈಬಲಿನ ವಿಮೋಚನಕಾಂಡ ಎಂಬ ಪುಸ್ತಕವು ಈ ಇಬ್ಬರ ಹೆಸರನ್ನು ಮರೆಯದೆ ಬರೆದಿಟ್ಟಿರುವುದು ನನಗೆ ಸದಾ ಸೋಜಿಗ.

ಯೊಪ್ಪ ಎಂಬ ಊರಿನ ಶಿಷ್ಯೆ ತಬಿಥಾಳದು ಇನ್ನೂ ಸದ್ದಿಲ್ಲದ ಸೇವೆ. ಆಕೆ ತೀರಿಕೊಂಡಾಗ ಮೇಲಂತಸ್ತಿನ ಕೋಣೆಯಲ್ಲಿ ಸೇರಿದ್ದ ವಿಧವೆಯರು, ಅವಳು ಬದುಕಿದ್ದಾಗ ಮಾಡಿಕೊಟ್ಟಿದ್ದ ಒಳಂಗಿ, ಮೇಲಂಗಿಗಳನ್ನು ಅಳುತ್ತಲೇ ಯೇಸುವಿನ ಅಪೊಸ್ತಲರಲ್ಲಿ (ಮುಖ್ಯ ಶಿಷ್ಯರಲ್ಲಿ) ಒಬ್ಬನಾದ ಪೇತ್ರನಿಗೆ ತೋರಿಸಿದರು. ಅವಳ ಬದುಕಿಗೆ ಆ ಹೊಲಿಗೆಗಳೇ ಸಾಕ್ಷಿಯಾಗಿದ್ದವು.

ಯೇಸು ಸತ್ತು ಮತ್ತೆ ಎದ್ದ ಪುನರುತ್ಥಾನದ ಸುದ್ದಿಯನ್ನು ಮೊದಲು ತಂದವರೂ ಸ್ತ್ರೀಯರೇ. ಅಪೊಸ್ತಲರು ಅದನ್ನು ಬರಿಯ ಹರಟೆಯೆಂದು ನಂಬದೆಹೋದದ್ದನ್ನು ಸುವಾರ್ತೆ ಬರೆದ ಲೂಕನು ಮುಚ್ಚಿಟ್ಟಿಲ್ಲ. ಆ ಸ್ತ್ರೀಯರಲ್ಲಿ ಒಬ್ಬಳಾದ ಮಗ್ದಲದ ಮರಿಯಳ ಸ್ಮರಣೆಯನ್ನು ಕಥೋಲಿಕ ಸಭೆಯು ಅಪೊಸ್ತಲರ ಹಬ್ಬಗಳ ಸಾಲಿಗೆ ಏರಿಸಿದ್ದು 2016ರಲ್ಲಷ್ಟೇ. ಜುಲೈ 22ರ ಆ ಹಬ್ಬದಂದಾದರೂ, ರೋಗಿಗಳ ಪಕ್ಕದಲ್ಲಿ ರಾತ್ರಿಯಿಡೀ ಕೂರುವ, ದುಃಖದ ಮನೆಗೆ ಮೊದಲು ಧಾವಿಸುವ ಸ್ತ್ರೀಯರ ಅನುಭವದ ಮಾತನ್ನು ಎಲ್ಲ ಪಂಗಡಗಳ ಸಭೆಗಳೂ ಕೇಳಿಸಿಕೊಳ್ಳುವ ಏರ್ಪಾಡು ಮಾಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ