ಮಗಳಿಗೊಂದು ಪತ್ರ: ದಡ ಹಿಡಿದು ಬರುವ ಅಲೆ

ಮುದ್ದಿನ ಮಗಳೇ,

ಡಿಸೆಂಬರಿನಲ್ಲಿ ಗಾಳಿ ಉತ್ತರದಿಂದ ಬೀಸುತ್ತಿದ್ದರೂ ನಮ್ಮ ಕಾರವಾರದ ಕಡಲಲ್ಲಿ ನೀರು ಉತ್ತರಕ್ಕೇ ಏಕೆ ಹರಿಯುತ್ತದೆ ಎಂದು ಕೇಳಿದ್ದೆಯಲ್ಲ, ಎಷ್ಟು ಒಳ್ಳೆಯ ಪ್ರಶ್ನೆ! ಇಲ್ಲಿನ ಗಾಳಿಯನ್ನಷ್ಟೇ ನೋಡುತ್ತಿದ್ದರೆ ಉತ್ತರ ಸಿಗದು. ಗಾಳಿಗೆ ಎದುರಾದ ಆ ಹರಿವಿನ ಮೂಲ ಬಹುಪಾಲು ದೂರದ ದಕ್ಷಿಣದಲ್ಲಿದೆ.

ದಡದುದ್ದಕ್ಕೂ ಗಾಳಿ ಬೀಸಿದಾಗ, ಭೂಮಿ ತಿರುಗುವ ಕಾರಣ ನಮ್ಮ ಉತ್ತರಾರ್ಧಗೋಳದಲ್ಲಿ ಮೇಲ್ಪದರದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ದಡ ಬಲಕ್ಕಿದ್ದರೆ ಅಲ್ಲಿ ನೀರು ಉಬ್ಬುತ್ತದೆ, ಎಡಕ್ಕಿದ್ದರೆ ತಗ್ಗುತ್ತದೆ. ಆ ಉಬ್ಬು ತೆರೆದ ಕಡಲಿಗೆ ಹರಡಿ ಹೋಗಲು ಭೂಮಿಯ ತಿರುಗುವಿಕೆಯೇ ಬಿಡುವುದಿಲ್ಲ. ಹಾಗಾಗಿ ಅದು ಕತ್ತಲಲ್ಲಿ ಗೋಡೆ ತಡವುತ್ತ ನಡೆಯುವವರಂತೆ, ದಡವನ್ನು ಬಲಕ್ಕಿಟ್ಟುಕೊಂಡು ಸಾಗುತ್ತದೆ. 1879ರಲ್ಲಿ ಇದರ ಗಣಿತವನ್ನು ಬಿಡಿಸಿದ ವಿಲಿಯಂ ಥಾಮ್ಸನ್ ಮುಂದೆ ಲಾರ್ಡ್ ಕೆಲ್ವಿನ್ ಆದರು. ಅಲೆಗೂ ಅದೇ ಹೆಸರು ಬಂತು.

ಈಗ ನಕ್ಷೆ ತೆಗೆದು ಬೆರಳಿಡು. ಬಂಗಾಳ ಕೊಲ್ಲಿಯಲ್ಲಿ ಗಾಳಿ ಎಬ್ಬಿಸಿದ ಕೆಲ್ವಿನ್ ಅಲೆ ಪೂರ್ವ ಕರಾವಳಿಯಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ, ಶ್ರೀಲಂಕಾವನ್ನು ಬಳಸುತ್ತದೆ, ಆಮೇಲೆ ಕೇರಳದ ದಡ ಹಿಡಿದು ನಮ್ಮತ್ತ ಬರುತ್ತದೆ. ವೇಗ ಸೆಕೆಂಡಿಗೆ ಸುಮಾರು ಎರಡೂವರೆ ಮೀಟರ್, ಅಂದರೆ ದಿನಕ್ಕೆ 200 ಕಿಲೋಮೀಟರ್‌ಗಿಂತ ತುಸು ಹೆಚ್ಚು. ಕನ್ಯಾಕುಮಾರಿಯಿಂದ ಕಾರವಾರಕ್ಕೆ ನಾಲ್ಕೈದು ದಿನ ಸಾಕು! ಅಲ್ಲಿನ ನೀರೇ ಇಲ್ಲಿಗೆ ಬಂತೆಂದು ತಿಳಿಯಬೇಡ. ಬರುವುದು ಏರಿಳಿತ ಮಾತ್ರ; ಅದರ ಉಬ್ಬೇ ಇಲ್ಲಿನ ನೀರನ್ನು ಉತ್ತರಕ್ಕೆ ಹರಿಸುತ್ತದೆ.

ಬಂದರಿನಲ್ಲಿ ನಿಂತವರ ಕಣ್ಣಿಗೆ ಇದು ಬೀಳುವುದಿಲ್ಲ. ಕಡಲಿನ ಮಟ್ಟ ದಿನಗಟ್ಟಲೆ ನಿಧಾನವಾಗಿ ಕೆಲವು ಸೆಂಟಿಮೀಟರ್ ಏರಿ ಇಳಿಯುತ್ತದೆ, ಅದೂ ಉಬ್ಬರವಿಳಿತದ ನಡುವೆ ಮುಚ್ಚಿಹೋಗುತ್ತದೆ. ಒಳಗಿನ ಕಥೆ ಬೇರೆ. ಬೆಚ್ಚನೆಯ ನೀರು ತಣ್ಣೀರಿಗೆ ತಾಗುವ ಗಡಿ ಹತ್ತಾರು ಮೀಟರ್ ಮೇಲೆ ಕೆಳಗೆ ಆಗುತ್ತದೆ. ಮಳೆಗಾಲದಲ್ಲಿ ಆ ಗಡಿ ಮೇಲೇರಿದಾಗ ಆಮ್ಲಜನಕ ಕಡಿಮೆಯಿರುವ ತಣ್ಣೀರು ಖಂಡಾವರಣದ, ಅಂದರೆ ದಡಕ್ಕೆ ಅಂಟಿಕೊಂಡ ಆಳ ಕಡಿಮೆಯ ಕಡಲತಳದ, ಮೇಲಕ್ಕೆ ಹತ್ತಿ ಬರುತ್ತದೆ, ತಳದ ಮೀನುಗಳು ಜಾಗ ಬಿಡಬೇಕಾಗುತ್ತದೆ. ನಮ್ಮ ಮೀನುಗಾರರ ಬಲೆಗೆ ಇಷ್ಟು ಹತ್ತಿರದ ವಿಷಯ ಶಾಲೆಯ ಪಾಠದಲ್ಲಿ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಬೇಸರ.

ಖಂಡಾವರಣದ ಇಳಿಜಾರಿಗೂ ಅಲೆಯನ್ನು ಹಿಡಿದಿಡುವ ಶಕ್ತಿಯಿದೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಮತ್ತು ಕಾಫ್ಸ್ ಹಾರ್ಬರ್‌ಗಳ ಕಡಲಮಟ್ಟದ ದಾಖಲೆಗಳನ್ನು ಹೋಲಿಸುವಾಗ ಇದರ ಸುಳಿವು ಸಿಕ್ಕಿತು. ಅಲ್ಲಿ ದಕ್ಷಿಣಾರ್ಧಗೋಳವಾದ್ದರಿಂದ ದಡ ಎಡಕ್ಕಿರುತ್ತದೆ.

ಹಾಗಾಗಿ ಕಾರವಾರದ ಹರಿವಿನ ಅಂಕಿಗಳನ್ನು ಕಲೆಹಾಕುವಾಗ ಪಕ್ಕದಲ್ಲಿ ಇಲ್ಲಿನ ಗಾಳಿಯನ್ನಷ್ಟೇ ಬರೆದು ನಿಲ್ಲಿಸಬೇಡ. ಹಿಂದಿನ ವಾರಗಳಲ್ಲಿ ಕನ್ಯಾಕುಮಾರಿ, ಶ್ರೀಲಂಕಾ, ಬಂಗಾಳ ಕೊಲ್ಲಿಗಳಲ್ಲಿ ಬೀಸಿದ ಗಾಳಿಯನ್ನೂ ಬರೆದುಕೋ.

ನಿನ್ನ ಅಮ್ಮ