ಗುಲ್ಮಾರ್ಗ್ ಸ್ಕೀ ಪ್ರವಾಸ ಡಿಸೆಂಬರಿನಿಂದ ಫೆಬ್ರವರಿಗೆ: ಉಡುಪಿಯಿಂದ ನಮ್ಮ ಗ್ರಾಹಕರಿಗೆ ಒಂದು ಕಾಗದ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಡಿಸೆಂಬರ್ 23ಕ್ಕೆ ಹೊರಡಬೇಕಿದ್ದ ಕಾಶ್ಮೀರದ ಗುಲ್ಮಾರ್ಗ್ ಸ್ಕೀ (ಹಿಮದ ಮೇಲೆ ಜಾರುವ ಆಟ) ಪ್ರವಾಸವನ್ನು 2026ರ ಫೆಬ್ರವರಿ 1, ಭಾನುವಾರಕ್ಕೆ ಹಾಕಿದ್ದೇವೆ. ಆರು ದಿನ ಇದ್ದದ್ದು ಏಳು ದಿನ ಆಗಿದೆ. ತಲೆಗೆ 3,800 ರೂಪಾಯಿ ಹೆಚ್ಚಾಗಿದೆ. ಸುದ್ದಿ ಇಷ್ಟೇ, ವಾಟ್ಸಾಪಿನಲ್ಲಿ ಮೊನ್ನೆಯೇ ಹಾಕಿಯೂ ಆಯಿತು. ಆಮೇಲೆ ಬಂದ ಫೋನುಗಳಿಗೆ ಉತ್ತರ ಹೇಳಿ ಹೇಳಿ ನನ್ನ ಸ್ವರ ಬಿದ್ದುಹೋದದ್ದು ನೋಡಿ ಮನೆಯವಳು, "ಕೂತು ಒಂದು ಕಾಗದ ಬರೆಯಿರಿ ಮಾರಾಯ್ರೆ" ಅಂದಳು. ಲೆಕ್ಕ ಬರೆಯುವವಳು ಅವಳೇ, ಹಾಗಾಗಿ ಮಾತು ಕೇಳದೆ ಉಪಾಯವಿಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ ಇದೇ ಪ್ರವಾಸಕ್ಕೆ ಬಂದವರಿಗೆ ನಡೆದದ್ದು ನೆನಪಿದೆ. ಬಾರದವರ ಕಿವಿಗೆ ಅದು ಬೇರೆ ಬೇರೆ ಬಣ್ಣದಲ್ಲಿ ಬಿದ್ದಿದೆ. ಮೊದಲ ಎರಡು ದಿನ ಕಲಿಯುವ ಇಳಿಜಾರಿನಲ್ಲಿ ಹಿಮ ಇತ್ತು, ಆದರೆ ನೀರ್‌ದೋಸೆಯಷ್ಟು ತೆಳ್ಳಗೆ. ಅಡಿಯಿಂದ ಒಣ ಹುಲ್ಲು, ಕಲ್ಲು ಇಣುಕುತ್ತಿತ್ತು. ಕಲ್ಯಾಣಪುರದ ಒಬ್ಬರು ಅಕ್ಕ ಬಾಡಿಗೆ ಬೂಟಿನೊಳಗೆ ಹೇಗೋ ಕಾಲು ತುರುಕಿ, ಸ್ಕೀಗೆ ಸಿಕ್ಕಿಸಿಕೊಂಡು ನಾಲ್ಕು ಮಾರು ಜಾರಿದರು. ಐದನೆಯದಕ್ಕೆ ಕರ್ರ್ ಅಂತ ಸದ್ದು. ತಿರುಗಿಸಿ ನೋಡಿದರೆ ಸ್ಕೀಯ ತಳದಲ್ಲಿ ತೆಂಗಿನಕಾಯಿ ತುರಿಯುವ ಮಣೆಯಲ್ಲಿ ಎಳೆದ ಹಾಗೆ ಗೀರು. ಬಾಡಿಗೆಗೆ ಕೊಟ್ಟವನು ಆ ಗೀರಿಗೂ ದುಡ್ಡು ಕೇಳಿದ, ಕೊಟ್ಟದ್ದು ನಾವು. 27ಕ್ಕೆ ಹಿಮ ಶುರುವಾಯಿತು ನೋಡಿ, ಬೇಡ ಬೇಡ ಅಂದರೂ ನಿಲ್ಲಲಿಲ್ಲ. 28ರಂದು ಶ್ರೀನಗರದಲ್ಲಿ ವಿಮಾನ ಹಾರಲಿಲ್ಲ. ಬೇಕಾದಾಗ ಇಲ್ಲ, ಹೊರಡುವಾಗ ಸೊಂಟದವರೆಗೆ. ಒಂದು ರಾತ್ರಿ ಹೆಚ್ಚಿಗೆ ಉಳಿದದ್ದರ ಹೋಟೆಲು, ಊಟ, ಬಿಸಿನೀರು ಎಲ್ಲ ನಮ್ಮ ಮೇಲೆ ಬಂತು. ವಿಮಾನದವರು ಟಿಕೆಟಿನ ದುಡ್ಡು ವಾಪಸ್ ಕೊಟ್ಟು ಕೈತೊಳೆದುಕೊಂಡರು. ಮಾರನೆಯ ದಿನದ ಟಿಕೆಟು ಎಷ್ಟಕ್ಕೆ ಸಿಕ್ಕಿತು ಎಂದು ಇಲ್ಲಿ ಬರೆದರೆ ನನಗೇ ಬಿಪಿ ಏರುತ್ತದೆ.

ಇಷ್ಟಾದ ಮೇಲೂ ವರ್ಷವಿಡೀ ಕೇಳಿದ ಮಾತು ಒಂದೇ: "ಹಿಮ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕರಕೊಂಡು ಹೋದಿರಿ."

ಇದು ಮನಸ್ಸಿಗೆ ನಾಟಿದೆ. ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇಲ್ಲ. ಕಾಶ್ಮೀರದ ಚಳಿಗಾಲದ ಹಿಮ ನಮ್ಮ ಜೂನ್ ತಿಂಗಳ ಮಳೆಯ ಹಾಗಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡದಿಂದ ಬೀಳುವಂಥದ್ದು ಅದು. ವೆಸ್ಟರ್ನ್ ಡಿಸ್ಟರ್ಬೆನ್ಸ್ ಅಂತ ಹವಾಮಾನ ಇಲಾಖೆಯವರು ಹೇಳುವುದು ಇದನ್ನೇ. ಅದು ಬರುತ್ತದೋ, ಬಂದರೂ ಮಳೆಯಾಗಿ ಸುರಿಯುತ್ತದೋ ಹಿಮವಾಗಿ ಇಳಿಯುತ್ತದೋ, ನಂಬುವ ಹಾಗೆ ತಿಳಿಯುವುದು ನಾಲ್ಕೈದು ದಿನ ಮೊದಲು. ನಾವು ಬಜ್ಪೆ ವಿಮಾನ ನಿಲ್ದಾಣದಿಂದ ಟಿಕೆಟು ಮಾಡುವುದು ಎರಡು ಮೂರು ತಿಂಗಳು ಮೊದಲು. ಕ್ರಿಸ್‌ಮಸ್ ವಾರಕ್ಕೆ ಗುಲ್ಮಾರ್ಗಿನ ಹೋಟೆಲಿನವರು ನಮ್ಮಿಂದ ಪೂರ್ತಿ ದುಡ್ಡು ಮೊದಲೇ ಇಸಕೊಂಡಿದ್ದರು, ರದ್ದು ಮಾಡಿದರೆ ಒಂದು ಪೈಸೆ ವಾಪಸ್ ಇಲ್ಲ. ಹೋದರೂ ಖರ್ಚು, ಹೋಗದಿದ್ದರೂ ಖರ್ಚು. ಮಲ್ಪೆಯಲ್ಲಿ ಬೋಟು ಇರುವವರು ನಮ್ಮ ಗ್ರಾಹಕರಲ್ಲಿ ಮೂರು ಜನ ಇದ್ದಾರೆ. ಡೀಸೆಲ್ ಹಾಕಿ, ಐಸ್ ತುಂಬಿಸಿ ಹೋದ ಬೋಟು ಖಾಲಿ ಬಂದರೆ ಏನು ಮಾಡುವುದೆಂದು ಅವರಿಗೆ ಗೊತ್ತು. ಗೊತ್ತಿದ್ದೂ ಕರಕೊಂಡು ಹೋದಿರಿ ಎಂಬ ಮಾತನ್ನು ಅವರು ಮೂವರೂ ಆಡಲಿಲ್ಲ.

ಆದರೆ ನಮ್ಮ ತಪ್ಪು ಇಲ್ಲವೇ ಇಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಪೋಸ್ಟರಿನಲ್ಲಿ ಹಾಕಿದ ಫೋಟೊ, ದೇವದಾರು ಮರದ ಕೊಂಬೆ ಹಿಮದ ಭಾರಕ್ಕೆ ಬಗ್ಗಿದ್ದು, ಅದು ಫೆಬ್ರವರಿಯಲ್ಲಿ ತೆಗೆದದ್ದು. ಡಿಸೆಂಬರ್ ಪ್ರವಾಸಕ್ಕೆ ಅದನ್ನು ಹಾಕಬಾರದಿತ್ತು. ಮೋಸ ಮಾಡಬೇಕೆಂದು ಹಾಕಿದ್ದಲ್ಲ, ಇದ್ದದ್ದರಲ್ಲಿ ಚಂದದ್ದನ್ನು ಹಾಕಿದ್ದು. ಆದರೂ ನೋಡಿದವರು ನಂಬಿದ್ದು ಅದನ್ನೇ. ಕ್ಷಮಿಸಿ.

ಡಿಸೆಂಬರನ್ನೇ ಹಿಡಿದುಕೊಂಡದ್ದು ಯಾಕೆ ಎಂದರೆ ನೀವೇ. ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಬ್ಯಾಂಕಿನವರಿಗೆ ಉಳಿದ ರಜೆ ಮುಗಿಸುವ ಅವಸರ. ಆದರೆ ಅಲ್ಲಿಯವರು ಚಿಲ್ಲೈ ಕಲಾನ್ ಎನ್ನುವ ನಲವತ್ತು ದಿನದ ಗಡಗಡ ಚಳಿ ಶುರುವಾಗುವುದೇ ಡಿಸೆಂಬರ್ 21ಕ್ಕೆ. ನಾವು 23ಕ್ಕೆ ಹೋಗಿ ಹಿಮ ಎಲ್ಲಿ ಎಂದು ಕೇಳುವುದು, ಅಷ್ಟಮಿಯ ಬೆಳಿಗ್ಗೆಯೇ ರಥಬೀದಿಗೆ ಹೋಗಿ ಮರುದಿನದ ವಿಟ್ಲಪಿಂಡಿ ಉತ್ಸವ ಎಲ್ಲಿ ಎಂದು ಕೇಳಿದ ಹಾಗೆ. ಜನವರಿಗೆ ಇಡೋಣ ಎಂದರೆ 18ಕ್ಕೆ ಕೃಷ್ಣಮಠದ ಪರ್ಯಾಯ ಉತ್ಸವ. ಆ ಗಡಿಬಿಡಿಯಲ್ಲಿ ಉಡುಪಿ ಬಿಟ್ಟು ಯಾರು ಬರುತ್ತಾರೆ, ನಾನೂ ಹೋಗುವುದಿಲ್ಲ. ಉಳಿದದ್ದು ಫೆಬ್ರವರಿ.

ಫೆಬ್ರವರಿಯಲ್ಲಿ ಹಿಮ ಗ್ಯಾರಂಟಿಯೋ ಎಂದು ಕೇಳಬೇಡಿ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು, ತಿಂಗಳ ಕೊನೆಗೆ ಹಿಮ ಬಿದ್ದು ಫೆಬ್ರವರಿ 21ರಿಂದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆಯಿತು. ಮರುವರ್ಷ ಅದೇ ಕೂಟವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚ್ 9ಕ್ಕೆ ಮುಂದೂಡಬೇಕಾಯಿತು. ಸರಕಾರದ ಕೂಟಕ್ಕೇ ಹಾಗೆ, ಇನ್ನು ನಮ್ಮದೇನು! ಡಿಸೆಂಬರಿಗಿಂತ ಸಾಧ್ಯತೆ ಹೆಚ್ಚು, ಅಷ್ಟು ಮಾತ್ರ ನಾನು ಹೇಳಬಲ್ಲೆ.

ಹಾಗಾಗಿ ಈ ಸಲ ಕಾಗದದಲ್ಲೇ ಬರೆದು ಕೊಡುತ್ತಿದ್ದೇನೆ. ಕಲಿಯುವ ಇಳಿಜಾರಿನಲ್ಲಿ ಹಿಮ ಇಲ್ಲದಿದ್ದರೆ ಸ್ಕೀ ಬಾಡಿಗೆ ಮತ್ತು ಕಲಿಸುವವರ ಫೀಸು ಎರಡೂ ನಿಮಗೆ ವಾಪಸ್. ಹೋಟೆಲು, ವಿಮಾನದ್ದು ಇಲ್ಲ. ಗೊಂಡೋಲಾದ (ಅಲ್ಲಿಯ ಕೇಬಲ್ ಕಾರಿನ) ಎರಡನೇ ಹಂತ, ಅಂದರೆ ಕೊಂಗ್ಡೂರಿಯಿಂದ ಅಫರ್ವತ್‌ಗೆ ಹೋಗುವುದು, ಜೋರು ಗಾಳಿ ಬಂದರೆ ನಿಲ್ಲಿಸುತ್ತಾರೆ. ಆ ಟಿಕೆಟಿನ ದುಡ್ಡು ನಮಗೆ ಎಷ್ಟು ಬಂದರೆ ಅಷ್ಟೂ ನಿಮಗೆ, ಹೋದ ವರ್ಷ ಮಾಡಿದ ಹಾಗೆಯೇ. ಹೆಚ್ಚಾದ 3,800ರಲ್ಲಿ ದೊಡ್ಡ ಪಾಲು ಏಳನೇ ದಿನದ್ದು. ಅದು ಸುತ್ತಾಡಲಿಕ್ಕೆ ಅಲ್ಲ, ರಸ್ತೆಯೋ ವಿಮಾನವೋ ಕೈಕೊಟ್ಟರೆ ಇರಲಿ ಎಂದು ಇಟ್ಟದ್ದು. ಉಳಿದದ್ದು ಟಂಗ್‌ಮಾರ್ಗ್‌ನಿಂದ ಮೇಲೆ ಗುಲ್ಮಾರ್ಗಿಗೆ ಹೋಗುವ 13 ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಕಟ್ಟಿದ ಜೀಪಿನ ಬಾಡಿಗೆ. ಕಳೆದ ಸಲ ಅದನ್ನು ಅಲ್ಲೇ ನಿಂತು, ಚಳಿಯಲ್ಲಿ ಕೈ ನಡುಗಿಸಿಕೊಂಡು ನಿಮ್ಮಿಂದ ಬೇರೆ ಕೇಳಬೇಕಾಗಿ ಬಂತು. ನಿಮಗೂ ಸರಿ ಕಾಣಲಿಲ್ಲ, ನನಗೂ ನಾಚಿಕೆಯಾಯಿತು.

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗೆ ಫೆಬ್ರವರಿ ಆಗದ ಮಾತು, ಗೊತ್ತು. ನವೆಂಬರ್ 30ರ ಒಳಗೆ ಹೇಳಿದರೆ ಮುಂಗಡ ಪೂರ್ತಿ ವಾಪಸ್, ಯಾವ ಕಾರಣವೂ ಕೇಳುವುದಿಲ್ಲ. ಅಲ್ಲಿ ಹೋಗುವುದು ಈಗ ಸುರಕ್ಷಿತವೋ ಎಂದು ಕೇಳಿದವರಿಗೆಲ್ಲ ಫೋನಿನಲ್ಲೇ ಮಾತಾಡಿದ್ದೇನೆ. ಇನ್ನೂ ಅಳುಕು ಇದ್ದರೆ ಆಫೀಸಿಗೆ ಬನ್ನಿ, ಚಹಾ ಕುಡಿಯುತ್ತಾ ಮಾತಾಡೋಣ. ನನ್ನ ಅಮ್ಮನೂ ಈ ಸಲ ಹೊರಟಿದ್ದಾರೆ, ಸ್ಕೀ ಮಾಡಲಿಕ್ಕಲ್ಲ, ನಾನು ಬೀಳುವುದನ್ನು ನೋಡಲಿಕ್ಕೆ.

ಮರೆಯುವ ಮೊದಲು: ಇಲ್ಲಿಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಗೊಂದಾದರೂ ಪೋಸ್ಟ್‌ಪೇಯ್ಡ್ ಇರಲಿ. ಮತ್ತೆ, ಹೋದ ವರ್ಷದ ಗುಂಪಿನವರದ್ದು ನೀಲಿ ಬಣ್ಣದ ಒಂದು ಕೈಗವಸು, ಬಲಗೈಯದ್ದು, ನಮ್ಮ ಮೇಜಿನ ಡ್ರಾಯರಿನಲ್ಲೇ ಇದೆ. ಯಾರದ್ದೆಂದು ನೋಡಿ ತೆಗೆದುಕೊಂಡು ಹೋಗಿ.

ನಿಮ್ಮ,
ಟ್ರಾವೆಲ್ಸ್ ಆಫೀಸಿನಿಂದ, ಉಡುಪಿ