ಮಾತಿನಲ್ಲಿ ಆಳು ಕಾಣೆ

ಮಾನ್ಯ ಸಂಪಾದಕರೇ,

ಅಭ್ಯರ್ಥಿ ಏನು ಹೇಳಿದರು ಅನ್ನೋದು ಪತ್ರಿಕೆಯಲ್ಲಿ ಬರುತ್ತದೆ, ಹೇಗೆ ಹೇಳಿದರು ಅನ್ನೋದು ಬರುವುದು ಕಡಿಮೆ. ನಾವು ಮನಸೋಲುವುದು ಎಷ್ಟೋ ಸಲ ಆ 'ಹೇಗೆ'ಗೇ, ಅಲ್ವಾ?

ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ 1979ರಲ್ಲಿ ಪ್ರಧಾನಿಯಾಗುವ ಮೊದಲೇ ದನಿಗೆ ತರಬೇತಿ ಪಡೆದಿದ್ದರು. ಕೀರಲು ಅಂತ ಜನ ಆಡಿಕೊಳ್ಳುತ್ತಿದ್ದ ದನಿಯನ್ನು ತಗ್ಗಿಸಿದರು. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಹೆಣ್ಣಿನ ದನಿಯನ್ನು ಹಗುರವಾಗಿ ನೋಡುತ್ತಿದ್ದ ಕಾಲದಲ್ಲಿ ಅವರಿಗೆ ಬೇರೆ ದಾರಿ ಇರಲಿಲ್ಲವೇನೋ.

ನನಗೆ ಜಾಸ್ತಿ ಚಿಂತೆ ಸಣ್ಣ ಪದಗಳದ್ದು. "ಈ ರಸ್ತೆ ಮಾಡಿಸಿದ್ದು ನಾನು" ಅನ್ನುವ ಅಭ್ಯರ್ಥಿಯೇ, ಅದೇ ರಸ್ತೆ ಕಿತ್ತು ಹೋದಾಗ "ಕೆಲವು ಲೋಪಗಳು ಆಗಿವೆ" ಅನ್ನುತ್ತಾರೆ. ಮೊದಲ ವಾಕ್ಯದಲ್ಲಿ ಆಳು ಎದೆಯುಬ್ಬಿಸಿ ನಿಂತಿದ್ದಾನೆ, ಎರಡನೆಯದರಲ್ಲಿ ಆಳೇ ಇಲ್ಲ, ಲೋಪ ತಾನಾಗಿಯೇ ಆಗಿಬಿಟ್ಟಿದೆ. ಆಮೇಲೆ "ನಾನು ನಿಮ್ಮ ಮನೆ ಮಗ" ಅನ್ನುವ ಮಾತು. ಕೇಳೋಕೆ ಹಿತ, ಆದರೆ ಮನೆ ಮಗನ ಹತ್ತಿರ ಲೆಕ್ಕ ಕೇಳಲು ಯಾರಿಗಾದರೂ ಬಾಯಿ ಬರುತ್ತದಾ? ಆ ಒಂದು ಪದ ನಮ್ಮ ಪ್ರಶ್ನೆಯನ್ನು ಗಂಟಲಲ್ಲೇ ತಡೆಯುತ್ತದೆ. ಇದು ಸುಮ್ನೆ ಬಾಯಿಗೆ ಬಂದ ಮಾತಲ್ಲ, ಎಷ್ಟೋ ಸಲ ಭಾಷಣ ಬರೆದುಕೊಡುವವರು ಕೂತು ಆರಿಸಿದ್ದು.

ಹಾಗಾಗಿ ನನ್ನದೊಂದು ಕೋರಿಕೆ. ಚುನಾವಣೆ ಸಮಯದಲ್ಲಾದರೂ, ವರದಿಗಾರರು ಕೇಳಿದ ಪ್ರಶ್ನೆ ಮತ್ತು ಅಭ್ಯರ್ಥಿ ಕೊಟ್ಟ ಉತ್ತರ ಎರಡನ್ನೂ ಅಕ್ಕಪಕ್ಕ, ಒಂದು ಪದವನ್ನೂ ತಿದ್ದದೆ ಅಚ್ಚು ಹಾಕಿ. ತಡವರಿಸಿದ್ದರೆ ಅದೂ ಇರಲಿ, ಪ್ರಶ್ನೆ ಬಿಟ್ಟು ಬೇರೇನೋ ಹೇಳಿದ್ದರೆ ಅದೂ ಇರಲಿ.

ಇಂತಿ,
ನಿಮ್ಮ ಓದುಗ